ಸಗರದ ತೂಬನ್ನು ಬೆಳಗಿದ ಫ್ಲ್ಯಾಶ್ ಮಹಾಶಯರಿಗೆ

ಮಾನ್ಯ ಫ್ಲ್ಯಾಶ್ ಮಹಾಶಯರೇ,

ನೀರೊಳಗೂ ಆರದ ತಮ್ಮ ಪ್ರಭೆಗೆ ಶಹಾಪುರದ ಮದುವೆ ಫೋಟೋಗ್ರಾಫರ್ ಅಂಬ್ರಪ್ಪನ ಅನಂತ ನಮಸ್ಕಾರಗಳು. ನೀರು ನುಗ್ಗದ ಕ್ಯಾಮೆರಾದ ಜೊತೆ ಹೈದರಾಬಾದಿನಿಂದ ಬಾಡಿಗೆಗೆ ಬಂದ ತಾವು ನಮ್ಮ ಕಾಲುವೆಯ ರಾಡಿ ನೀರಿಗೆ ಇಳಿಯುವ ದೊಡ್ಡ ಮನಸ್ಸು ಮಾಡಿದ್ದಕ್ಕೆ ಋಣಿಯಾಗಿದ್ದೇನೆ. ಇಳಿದ ಮೇಲೆ ಮಾಡಿದ್ದನ್ನು ಕುರಿತು ಮಾತ್ರ ಎರಡು ಮಾತು ಅರಿಕೆ ಮಾಡಿಕೊಳ್ಳಬೇಕಾಗಿದೆ.

ಸಗರದ ಬಳಿಯ ತೂಬಿನ ಬಾಗಿಲು ಮುಚ್ಚದೆ ನಿಂತಿರುವುದು ತಮಗೆ ಗೊತ್ತೇ ಇದೆ. ಅಲ್ಲಿ ಮೀನು ಹಿಡಿಯುವ ಮೌನಪ್ಪನ ಬಲೆ ಸಿಕ್ಕಿಕೊಂಡೇ ಹೀಗಾಗಿದೆ, ಎಂಟು ದಿನದೊಳಗೆ ಅಲ್ಲವೆಂದು ತೋರಿಸದಿದ್ದರೆ ಅವನ ಪರವಾನಗಿ ರದ್ದು ಎಂದು ಕಾಲುವೆ ಕಚೇರಿ ನೋಟಿಸು ಕೊಟ್ಟಿತು. ಅವನು ಮುಳುಗಿ ತಡವಿ ಬಂದು, "ಕೈಗೆ ಹಲಗಿ ಹತ್ತತೈತ್ರಿ ಸಾಹೇಬ್ರ, ಬಲಿ ಅಲ್ರಿ" ಎಂದ. ಕೈಯ ಸಾಕ್ಷಿ ಕಡತದಲ್ಲಿ ಸೇರಿಸಲು ಬರುವುದಿಲ್ಲ, ಫೋಟೋ ತನ್ನಿ, ಅಲ್ಲಿಯವರೆಗೆ ಸಿಕ್ಕಿಕೊಂಡದ್ದನ್ನು ಅಲುಗಿಸಬೇಡಿ ಎಂದರು ಸಾಹೇಬರು. ಅವನು ನನ್ನ ಬಳಿಗೆ ಬಂದ.

ಇಪ್ಪತ್ತು ವರ್ಷ ಮದುಮಕ್ಕಳ ಮುಖ ಬೆಳ್ಳಗೆ ಮಾಡಿ ಅನ್ನ ಉಂಡವನು ನಾನು. ಫ್ಲ್ಯಾಶನ್ನು ಕ್ಯಾಮೆರಾದ ನೆತ್ತಿಯ ಮೇಲೆ ಕೂರಿಸಿ, ಪೂರ್ತಿ ಶಕ್ತಿ ಕೊಟ್ಟು ಎದುರಿಗೇ ಹೊಡೆಯುವುದು ನನ್ನ ವಿದ್ಯೆ. ಎದೆಮಟ್ಟದ ನೀರಿನಲ್ಲಿ ಮೌನಪ್ಪ ನನ್ನ ಬೆಲ್ಟು ಹಿಡಿದು ನಿಂತಾಗಲೂ ಅದನ್ನೇ ಮಾಡಿದೆ. ತಾವು ತೂಬನ್ನು ಬಿಟ್ಟು, ನಡುವೆ ತೇಲುವ ಒಂದೊಂದು ಮಣ್ಣಿನ ಕಣವನ್ನೂ ಮದುಮಗಳೆಂದು ಬಗೆದು ಬೆಳಗಿದಿರಿ. ಚಿತ್ರ ಹಾಲಿನಷ್ಟು ಬೆಳ್ಳಗೆ ಬಂತು. ಶಟರ್ ವೇಗ ಹೆಚ್ಚಿಸಿದೆ. ಅದಕ್ಕಿಂತ ಚುರುಕಾದ ತಮಗೆ ಅದು ಲೆಕ್ಕಕ್ಕೇ ಇರಲಿಲ್ಲ, ಕಣಗಳು ಬೆಳ್ಳಗೇ ಉಳಿದು ಅವುಗಳ ಹಿಂದಿನ ನೀರು ಮಾತ್ರ ಕಪ್ಪಾಯಿತು. ಬೆಳಕಿನ ಲೆಕ್ಕವನ್ನು ಕ್ಯಾಮೆರಾದ ಆಟೋಗೆ ಬಿಟ್ಟೆ, ಕಪ್ಪು ನೀರು ಕಂಡು ಗಾಬರಿಯಾದ ಕ್ಯಾಮೆರಾ ಇನ್ನಷ್ಟು ಬೆಳಕು ಬೇಡಿತು, ತಾವು ಇಲ್ಲವೆನ್ನದೆ ಕೊಟ್ಟಿರಿ. ಮೂರು ಚಿತ್ರ ಹಾಳಾದಾಗ ಮೌನಪ್ಪನ ಮುಖ ನೋಡಲು ನನಗೆ ನಾಚಿಕೆಯಾಯಿತು.

ದಂಡೆಯ ಮೇಲೆ ಕುಳಿತಿದ್ದ ಅವನ ಹೆಂಡತಿ ಮಾನಮ್ಮ ಕೊನೆಗೆ ತಡೆಯಲಾರದೆ, "ಅಣ್ಣಾರ, ರಾಡಿ ನೀರಾಗ ಬ್ಯಾಟರಿ ಎದುರಿಗಿ ಹಿಡದ್ರ ಏನ್ ಕಾಣತೈತ್ರಿ? ಬಗಲಿಂದ ಹಿಡೀರಿ, ಸನೇಕ ಹೋಗ್ರಿ" ಎಂದಳು. ತಮ್ಮನ್ನು ನೆತ್ತಿಯಿಂದ ಇಳಿಸಿ ಒಂದು ಮೊಳ ಪಕ್ಕಕ್ಕೆ ಸರಿಸಿದೆ, ಶಕ್ತಿ ಕಾಲುಭಾಗಕ್ಕೆ ತಂದೆ, ಲೆನ್ಸಿನ ಬಾಯಿ ಕಿರಿದು ಮಾಡಿದೆ, ತೂಬಿಗೆ ಒಂದು ಗೇಣಿನಷ್ಟು ಹತ್ತಿರ ಹೋಗಿ ಒತ್ತಿದೆ. ಬಾಗಿಲಿಗೆ ಸಿಕ್ಕಿಕೊಂಡ ಹಲಗೆ ಚಿತ್ರದಲ್ಲಿ ಬಂತು. ಹಲಗೆಯ ಮೇಲಿನ ಬರಹವೂ ಬಂತು: 'ಕಾಲುವೆಯಲ್ಲಿ ಯಾವುದೇ ವಸ್ತು ಎಸೆಯಬಾರದು.' ಅದರ ಕೆಳಗೆ ಕಚೇರಿಯದೇ ಹೆಸರಿತ್ತು.

ಆದ್ದರಿಂದ ತಾವು ಇನ್ನು ಮುಂದೆ ನೀರಿಗಿಳಿಯುವ ಮೊದಲು ಮಣ್ಣಿನ ಕಣಗಳಿಗೆ ಒಂದು ನೋಟಿಸು ಕೊಟ್ಟು ದಾರಿ ತೆರವು ಮಾಡಿಸಿಕೊಳ್ಳಬೇಕೆಂದೂ, ಬಿಡುವಾದಾಗ ಸಾಹೇಬರ ಮೇಜಿನ ಬಗಲಲ್ಲಿ ಕಾಲುಭಾಗದ ಶಕ್ತಿಯಲ್ಲಿ ಒಮ್ಮೆ ಬೆಳಗಬೇಕೆಂದೂ ವಿನಂತಿ.

ತಮ್ಮ ಬಿಳುಪಿಗೆ ಬೆರಗಾದ ವಿಶ್ವಾಸಿ,
ಅಂಬ್ರಪ್ಪ

ತಾ.ಕ.: ನಾಲ್ಕೂ ಚಿತ್ರಗಳನ್ನು ಕಚೇರಿಗೆ ಕೊಟ್ಟೆ. ನಾಲ್ಕನೆಯದು ಇಷ್ಟು ಸ್ಪಷ್ಟವಾಗಿರುವುದು ಸಂಶಯಕ್ಕೆ ಎಡೆಮಾಡುತ್ತದೆಂದು ಅದನ್ನು ಪರಿಶೀಲನೆಗೆ ಇಟ್ಟಿದ್ದಾರೆ. ತಮ್ಮ ಮೂರು ಬಿಳಿ ಚಿತ್ರಗಳಲ್ಲಿ ಮಾತ್ರ ಬಲೆ ಚೆನ್ನಾಗಿ ಕಾಣುತ್ತದೆ ಎಂದು ಬರೆದು, ಮೌನಪ್ಪನ ಪರವಾನಗಿ ರದ್ದು ಮಾಡಿದ್ದಾರೆ.