ಕರಾವಳಿಯ ಕುಚ್ಚಲಕ್ಕಿಯವರಿಗೆ ಗಂಗಾವತಿಯಿಂದ ಒಂದು ತಕರಾರು

ಕೆಂಪು ಮೈಬಣ್ಣದ, ದಪ್ಪ ದೇಹದ, ಒಂದು ತಾಸು ಕುದಿಸಿದರೂ ಹಟ ಬಿಡದ ಶ್ರೀ ಕುಚ್ಚಲಕ್ಕಿಯವರ ಸನ್ನಿಧಾನಕ್ಕೆ, ಗಂಗಾವತಿಯ ರೈಸ್ ಮಿಲ್ಲೊಂದರಲ್ಲಿ ಇಪ್ಪತ್ತೆರಡು ವರ್ಷಗಳಿಂದ ಅಕ್ಕಿ ಪರೀಕ್ಷೆ ಮಾಡುತ್ತಿರುವ ಕರಿಬಸಪ್ಪನು ಎರಡೂ ಕೈ ಜೋಡಿಸಿ ಮಾಡುವ ನಮಸ್ಕಾರಗಳು.

ಮಾನ್ಯರೇ,

ನಾನು ಯಾರೆಂದು ಮೊದಲು ಅರಿಕೆ ಮಾಡಿಕೊಳ್ಳುತ್ತೇನೆ. ಅಂಗೈ ಮೇಲೆ ನಾಲ್ಕು ಕಾಳು ಹಾಕಿಕೊಂಡು, ಒಂದನ್ನು ಹಲ್ಲಿನಲ್ಲಿ ಕಡಿದು, ಇದು ಹೊಸದು, ಇದು ಹಳೆಯದು, ಇದರಲ್ಲಿ ನುಚ್ಚು ಹೆಚ್ಚು ಎಂದು ಹೇಳುವುದು ನನ್ನ ಕೆಲಸ. ಸೋನಾ ಮಸೂರಿಯ ಊರಿನಲ್ಲಿ ಹುಟ್ಟಿ, ಅದರ ತೌಡು ಮೈಗೆ ಹತ್ತಿಸಿಕೊಂಡೇ ಬೆಳೆದ ನಾನು, ಜಗತ್ತಿನಲ್ಲಿ ತಮ್ಮಂಥವರೊಬ್ಬರು ಅಕ್ಕಿ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದಾರೆಂಬುದನ್ನು ಕೇಳಿದ್ದೆನೇ ಹೊರತು, ತಾವು ನನ್ನ ಮನೆಯ ವ್ಯವಹಾರಕ್ಕೇ ಕೈ ಹಾಕುತ್ತೀರೆಂದು ಕನಸಿನಲ್ಲಿಯೂ ಎಣಿಸಿರಲಿಲ್ಲ.

ನನಗಿರುವವಳು ಒಬ್ಬಳೇ ಮಗಳು, ಐಶ್ವರ್ಯ. ಪರೀಕ್ಷೆ ಬರೆದು, ಉಡುಪಿಯ ಆಚೆ ಕಡಲ ಹತ್ತಿರದ ಒಂದು ವಸತಿ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಸೀಟು ಗಿಟ್ಟಿಸಿಕೊಂಡಳು. ಜೂನ್ ತಿಂಗಳಲ್ಲಿ ಬಿಟ್ಟು ಬಂದೆವು. ಮೊದಲ ಭಾನುವಾರ ವಾರ್ಡನ್ನರ ಫೋನಿನಿಂದ ಮಾತಾಡಿದ ಹುಡುಗಿ ಪಾಠದ ಸುದ್ದಿ ಹೇಳಲಿಲ್ಲ, ಗೆಳತಿಯರ ಸುದ್ದಿ ಹೇಳಲಿಲ್ಲ, ತಮ್ಮ ಸುದ್ದಿಯನ್ನೇ ಹೇಳಿ ಅತ್ತಳು. "ಅಪ್ಪಾ, ಇಲ್ಲಿ ಅನ್ನ ಕೆಂಪಗ ಐತಿ, ಗಂಟಲಾಗ ಇಳಿಯೂದಿಲ್ಲ, ನಾ ಬರತೀನಿ" ಎಂದಳು. ನಾನು "ಬಂದುಬಿಡವ್ವಾ" ಎನ್ನುವಷ್ಟರಲ್ಲಿ ನನ್ನ ಹೆಂಡತಿ ಶಿವಲಿಂಗಮ್ಮ ಫೋನು ಕಸಿದುಕೊಂಡು, ಅನ್ನಕ್ಕಾಗಿ ಸಾಲಿ ಬಿಡುವವರನ್ನು ಎಲ್ಲಿಯೂ ನೋಡಿಲ್ಲವೆಂದು ಅವಳಿಗೂ ನನಗೂ ಒಟ್ಟಿಗೇ ಬೈದಳು. ಕಡೆಗೆ ಒಂದು ಕರಾರಾಯಿತು. ದಸರಾ ರಜೆಗೆ ಬಂದಾಗಲೂ ಹುಡುಗಿ ಒಲ್ಲೆ ಎಂದರೆ ಶಾಲೆ ಬಿಡಿಸುವುದು, ಅಲ್ಲಿಯವರೆಗೆ ನಾನು ಬಾಯಿ ಮುಚ್ಚಿಕೊಂಡಿರುವುದು.

ಬಾಯಿ ಮುಚ್ಚಿಕೊಂಡೆ, ಕೈ ಕಟ್ಟಿಕೊಳ್ಳಲಿಲ್ಲ. ಮಿಲ್ಲಿನ ಲಾರಿ ಓಡಿಸುವ ನಮ್ಮ ಚಾಂದಸಾಬ ಮಂಗಳೂರಿಗೆ ಲೋಡು ಒಯ್ಯುವಾಗ, ಒಂದು ವರ್ಷ ಹಳೆಯದಾದ, ನಾನೇ ಕಾಳುಕಾಳು ನೋಡಿ ಆರಿಸಿದ ಇಪ್ಪತ್ತೈದು ಕಿಲೋ ಸೋನಾ ಮಸೂರಿಯನ್ನು ಹಾಸ್ಟೆಲಿಗೆ ಕಳಿಸಿಕೊಟ್ಟೆ. ಹುಡುಗಿ ಅಲ್ಲಿ ಹೊಂದಿಕೊಳ್ಳಲಿ ಎಂದು ಕಳಿಸಿದೆನೆಂದು ಎಲ್ಲರಿಗೂ ಹೇಳಿದೆ. ತಮ್ಮಲ್ಲಿ ಮುಚ್ಚುಮರೆ ಏಕೆ, ಊರಿನ ಅನ್ನ ಉಂಡರೆ ಊರು ನೆನಪಾಗಿ ಇನ್ನಷ್ಟು ಅತ್ತಾಳು ಎಂಬ ಆಸೆಯೂ ಇತ್ತು.

ಆದರೆ ಮಾನ್ಯರೇ, ಅದನ್ನು ಎಷ್ಟು ಹೊತ್ತು ಬೇಯಿಸಬೇಕೆಂದು ನಾನು ಹೇಳಿ ಕಳಿಸಲಿಲ್ಲ. ಗಂಗಾವತಿಯಲ್ಲಿ ಅದನ್ನು ಹೇಳಿದರೆ ಜನ ನಕ್ಕಾರು! ಅಲ್ಲಿಯ ಅಡುಗೆ ಭಟ್ಟರು ಕುಚ್ಚಲಕ್ಕಿಯವರಾದ ತಮಗೆ ಸಲ್ಲಿಸುವ ಮರ್ಯಾದೆಯನ್ನೇ ಅದಕ್ಕೂ ಸಲ್ಲಿಸಿ, ಅರ್ಧ ಚೀಲ ಅಕ್ಕಿಯನ್ನು ಹಂಡೆಗೆ ಸುರಿದು ಪೂರಾ ಒಂದು ತಾಸು ಕುದಿಸಿದರು. ನನ್ನ ಸೋನಾ ಮಸೂರಿ ಗೋಡೆಗೆ ಪೋಸ್ಟರು ಹಚ್ಚುವ ಅಂಟಾಯಿತು. ನಮ್ಮೂರ ಅನ್ನ ಮಲ್ಲಿಗೆ ಹೂವಿನಂಗ ಇರತೈತಿ ಎಂದು ವಾರಗಟ್ಟಲೆ ಕೊಚ್ಚಿಕೊಂಡಿದ್ದ ನನ್ನ ಮಗಳ ಎದುರಿಗೇ, ನೂರಿಪ್ಪತ್ತು ಹುಡುಗಿಯರ ತಟ್ಟೆಗೆ ಆ ಮಲ್ಲಿಗೆ ಸೌಟಿನಿಂದ ಬಿಡಲೊಲ್ಲದೆ ಜೋತಾಡಿತು. ಎಲ್ಲರೂ ಬಿದ್ದುಬಿದ್ದು ನಕ್ಕರಂತೆ.

ಅವಳು ಅತ್ತು ಕೋಣೆ ಸೇರುತ್ತಾಳೆ, ಮರುದಿನವೇ ಕರೆದುಕೊಂಡು ಹೋಗಿ ಎಂದು ಫೋನು ಬರುತ್ತದೆ ಎಂದುಕೊಂಡಿರಾ? ನಾನೂ ಹಾಗೆಯೇ ಎಂದುಕೊಂಡೆ. ಆ ಹುಡುಗಿ ಸೀದಾ ಅಡುಗೆ ಮನೆಗೆ ನುಗ್ಗಿ, ಉಳಿದರ್ಧ ಚೀಲದ ಅನ್ನವನ್ನು ಮುಂದಿನ ಭಾನುವಾರ ತಾನೇ ಮಾಡಿ ತೋರಿಸುತ್ತೇನೆಂದು ಭಟ್ಟರಿಗೆ ಸವಾಲು ಹಾಕಿದಳು. ಮನೆಯಲ್ಲಿ ಒಂದು ಲೋಟ ನೀರು ತಾನಾಗಿ ತೆಗೆದುಕೊಳ್ಳದ ಹುಡುಗಿ! ಗಂಜಿ ಬಸಿಯಲು ನಾಲ್ವರು ಗೆಳತಿಯರು ನಿಂತರು. ಇಪ್ಪತ್ತೇ ನಿಮಿಷಕ್ಕೆ ಅನ್ನ ಉದುರುದುರಾಗಿ ಇಳಿಯಿತು. ಮೆಚ್ಚಿದ ಭಟ್ಟರು, ಕುಚ್ಚಲಕ್ಕಿಯವರೇ, ತಮ್ಮನ್ನು ಹದವಾಗಿ ಬೇಯಿಸುವ ವಿದ್ಯೆಯನ್ನು ಅವಳಿಗೆ ಕಲಿಸಿದರು. ಅಂದಿನಿಂದ ಫೋನಿನಲ್ಲಿ ಅಳು ನಿಂತಿತು, ಮಾತು ಮುಗಿಯದಾಯಿತು. ಭಾಳ ಸಂತೋಷ ಆತ್ರಿ, ಅಷ್ಟೇ ಹೊಟ್ಟೆಯೂ ಉರಿಯಿತು.

ಇನ್ನು ನನ್ನ ನಿಜವಾದ ತಕರಾರು. ದಸರೆಗೆ ಬಂದವಳಿಗೆ ಶಿವಲಿಂಗಮ್ಮ ಬೆಳ್ಳಗಿನ ಅನ್ನ, ತಿಳಿಸಾರು, ತುಪ್ಪ ಬಡಿಸಿದಳು. ಹುಡುಗಿ ಎರಡು ತುತ್ತು ಉಂಡು, "ಛಲೋ ಐತಿ, ಆದ್ರ ಹೊಟ್ಯಾಗ ನಿಲ್ಲೂದಿಲ್ಲವ್ವಾ" ಎಂದು, ಬಟ್ಟೆ ಚೀಲದಿಂದ ತಮ್ಮನ್ನು ಎರಡು ಕಿಲೋ ಹೊರತೆಗೆದು ನನ್ನ ಕೈಗಿಟ್ಟಳು! ಗಂಗಾವತಿಯಲ್ಲಿ, ನನ್ನ ಮನೆಯಲ್ಲಿ, ನನ್ನ ಅಂಗೈ ಮೇಲೆ! ರೂಢಿಯಂತೆ ಒಂದು ಕಾಳು ಕಡಿದೆ. ದವಡೆ ನೊಂದಿತು. ಬೆಂದ ಮೇಲೆ ಎರಡು ಸಲ ಬಡಿಸಿಕೊಂಡೆನೆಂಬುದನ್ನು ದಯವಿಟ್ಟು ನಮ್ಮ ಮಿಲ್ಲಿನವರಿಗೆ ತಿಳಿಸಬಾರದು. ರಜೆ ಇನ್ನೂ ಎರಡು ದಿನ ಇರುವಾಗಲೇ ಹುಡುಗಿ ಬಸ್ಸು ಹತ್ತಿ ಹೋದಳು.

ಆದ್ದರಿಂದ ತಾವು ಕೃಪೆಮಾಡಿ ಭಾನುವಾರಕ್ಕೊಮ್ಮೆಯಾದರೂ ಬೆಳ್ಳಗಾಗಬೇಕು. ವಾರಕ್ಕೊಂದು ತುತ್ತಾದರೂ ಅವಳ ಗಂಟಲಲ್ಲಿ ಸಿಕ್ಕಿ ಅಪ್ಪನನ್ನು ನೆನಪಿಸಬೇಕು. ಇವೆರಡೂ ಆಗದಿದ್ದರೆ, ಆ ಕೂಸಿನ ಹೊಟ್ಟೆಯಲ್ಲಿ ರಾತ್ರಿಯವರೆಗೆ ಗಟ್ಟಿಯಾಗಿ ನಿಲ್ಲಬೇಕು. ನಾವು ದೂರ ಇದ್ದೇವೆ.

ತಮ್ಮ ವಿಶ್ವಾಸಿ, ಒಲ್ಲದ ಮನಸ್ಸಿನ ಅಭಿಮಾನಿ,
ಕರಿಬಸಪ್ಪ
ಗಂಗಾವತಿ

ಮರೆತ ಮಾತು: ತಮ್ಮನ್ನು ಬೇಯಿಸಲು ಹೋಗಿ ನಮ್ಮ ಗ್ಯಾಸ್ ಸಿಲಿಂಡರು ದೀಪಾವಳಿಗೆ ಮೊದಲೇ ಮುಗಿಯಿತು, ಇದಕ್ಕೆ ತಾವೇ ಹೊಣೆ. ಇನ್ನೊಂದು, ಈ ಹಾಳೆಯ ಹಿಂಬದಿಯಲ್ಲಿ ಮಗಳ ಟಿ.ಸಿ. ಕೊಡಬೇಕೆಂದು ಜುಲೈ ತಿಂಗಳಲ್ಲೇ ನಾನು ಬರೆದಿಟ್ಟ ಅರ್ಜಿ ಇದೆ. ಕಾಗದ ಹಾಳು ಮಾಡುವುದೇಕೆಂದು ಅದರ ಖಾಲಿ ಬದಿಯಲ್ಲೇ ತಮಗೆ ಬರೆದಿದ್ದೇನೆ. ಆ ಬದಿಯನ್ನು ತಾವು ಓದಬೇಕಾಗಿಲ್ಲ, ಶಿವಲಿಂಗಮ್ಮನಂತೂ ಓದಲೇಬಾರದು.