ಗ್ಯಾಲನ್ನಿಗೆ ಹದಿನೆಂಟು ಮೈಲಿ

ಹಳೇ ಮೋಟಾರು ಎಷ್ಟು ಎಣ್ಣೆ ಕುಡಿಯುತ್ತದೆ ಎಂಬುದು ಅದನ್ನು ಓಡಿಸುವವನೊಬ್ಬನಿಗೇ ಗೊತ್ತು. ಎಷ್ಟು ಕುಡಿಯಬೇಕು ಎಂಬುದು ಮಾತ್ರ ಓಡಿಸದ ಎಲ್ಲರಿಗೂ ಗೊತ್ತು. ಈ ಎರಡರ ನಡುವೆ ಸಿಕ್ಕು ನಾನು ಪಟ್ಟ ಪಾಡು ಒಂದೆರಡಲ್ಲ.

ಅದು ಯುದ್ಧದ ಕಾಲ, ಪೆಟ್ರೋಲು ಕೂಪನ್ನಿಗೆ ಸಿಗುತ್ತಿತ್ತು. ಗೋಕಾಕದ ಒಬ್ಬ ಜೈನ ಸಾಹುಕಾರರ ಮಾಲಿನ ಮೋಟಾರಿಗೆ ನಾನು ಡ್ರೈವರ್. ಮುಂದೆ ಇಬ್ಬರು ಕೂರುವ ಜಾಗ, ಹಿಂದೆ ತೆರೆದ ಹಲಗೆ ಡಬ್ಬಿ. ಮೂಡಲಗಿಯ ಬೆಲ್ಲ ತಂದು ಘಟಪ್ರಭಾ ಸ್ಟೇಶನ್ನಿಗೆ ಹಾಕುವುದು, ಅಲ್ಲಿಂದ ಹುಕ್ಕೇರಿಗೆ ಅರಿವೆ ಗಂಟು ಒಯ್ಯುವುದು ನನ್ನ ಕೆಲಸ.

೧. ಏಜೆಂಟನ ಮಾತು

ಗಾಡಿ ಮಾರಿದ ಏಜೆಂಟ "ಗ್ಯಾಲನ್ನಿಗೆ ಹದಿನೆಂಟು ಮೈಲಿ" ಎಂದಿದ್ದ. ನನ್ನ ಕೈಯಲ್ಲಿ ಅದು ಒಂಬತ್ತರ ಮೇಲೆ ಏರಲಿಲ್ಲ. ಉಳಿದ ಒಂಬತ್ತು ಎಲ್ಲಿ ಹೋಯಿತು ಎಂದು ಸಾಹುಕಾರರು ದಿನಾ ನನ್ನ ಮುಖ ನೋಡುತ್ತಿದ್ದರು. ಕೊನೆಗೆ ಏಜೆಂಟನನ್ನೇ ಕರೆಸಿದರು. ಆತ ಗುಡ್ಡದ ಮೇಲಿಂದ ಊರಿಗೆ ಇಳಿಯುವ ರಸ್ತೆಯಲ್ಲಿ ಇಂಜಿನ್ ಬಂದ್ ಮಾಡಿ, ಗಾಡಿಯನ್ನು ಸುಮ್ಮನೆ ಉರುಳಿಸಿಕೊಂಡು ಬಂದ.

"ನೋಡ್ರಿ ಸಾವ್ಕಾರ್ರ, ಒಂದು ಹನಿ ಎಣ್ಣಿ ಖರ್ಚಾಗಿಲ್ಲ."

ನನಗೆ ತಡೆಯಲಾಗಲಿಲ್ಲ. "ಇಳಕಲಿನ್ಯಾಗ ಬರೇ ಬಂಡಿ ಗಾಲಿನೂ ಹಂಗ ಬರ್ತೈತ್ರಿ" ಎಂದೆ.

ಸಾಹುಕಾರರು ಸ್ವಲ್ಪ ಯೋಚಿಸಿ ನನ್ನ ಮೇಲೇ ತಿರುಗಿದರು. "ಗೊತ್ತಿದ್ದೂ ಮತ್ತ ನೀ ಯಾಕೋ ಏರಿನ ಮ್ಯಾಲ ಹೋಗ್ತಿ?"

೨. ಭಾರ ಇಳಿಸಿದ್ದು

ಸಾಹುಕಾರರ ಹೆಂಡತಿಯ ಅಣ್ಣ ಒಬ್ಬರಿದ್ದರು. ಭಾರೀ ಆಳು. ಅವರು ಮುಂದೆ ಕೂತರೆ ನಾನು ಅರ್ಧ ಮೈ ಹೊರಗಿಟ್ಟು ಗಾಡಿ ಹೊಡೆಯಬೇಕು. ಅವರೇ ಒಂದು ದಿನ ಕಂಡುಹಿಡಿದರು: "ಗಾಡಿಗೆ ಭಾರ ಹೆಚ್ಚಾಗೇತಿ. ಅದಕ್ಕ ಎಣ್ಣಿ ತಿನ್ನಾಕತ್ತೈತಿ."

ಸ್ಟೆಪ್ನಿ ಇಳಿಸಿದರು. ಜ್ಯಾಕು, ಪಾನಾಗಳ ಪೆಟ್ಟಿಗೆ ಎಲ್ಲ ಇಳಿಸಿದರು. ಆಮೇಲೆ ತಾವು ಏರಿ ಕೂತರು.

ಮೂಡಲಗಿ ದಾರಿಯ ನಟ್ಟನಡುವೆ, ಅವರು ಕೂತ ಬದಿಯ ಟಾಯರೇ ಒಡೆಯಿತು. ಅವರು ಕಷ್ಟಪಟ್ಟು ಕೆಳಗಿಳಿದು, ಗಾಲಿ ನೋಡಿ, ನನ್ನನ್ನು ನೋಡಿ ಅಂದರು, "ಸ್ಟೆಪ್ನಿ ಇಲ್ದ ಗಾಡಿ ಹೊರಗ ತರ್ತಾರೇನೋ ಶ್ಯಾಣ್ಯಾ?"

೩. ಇದ್ದಿಲು

ಮುಂದೆ, ಪೆಟ್ರೋಲಿನ ಹಂಗೇ ಬೇಡವೆಂದು, ಇದ್ದಿಲ ಹೊಗೆಯಿಂದ ಗಾಡಿ ಓಡಿಸುವ ಪೀಪಾಯಿಯಂಥ ಒಲೆಯನ್ನು ಹಿಂದೆ ಕೂರಿಸಿದರು. ಊರಲ್ಲಿ ಇದ್ದಿಲು ಮುಗಿದು ಹುಕ್ಕೇರಿಯಿಂದ ಎರಡು ಚೀಲ ತರಲು ಹೋದೆ. ಬರುವಾಗ ಗಾಡಿ ಏರಿಗೊಮ್ಮೆ ನಿಂತಿತು. ಒಲೆ ಆರದಂತೆ ತಂದ ಇದ್ದಿಲನ್ನೇ ಸುರಿಯುತ್ತ ಬಂದೆ. ಮನೆ ಮುಟ್ಟಿದಾಗ ಉಳಿದದ್ದು ಒಂದು ಬುಟ್ಟಿ.

ಸಾಹುಕಾರರು ಬುಟ್ಟಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದರು. "ಮುಂದಿನ ಸಲ ಗಾಡಿಗೆ ಇದ್ದಲಿ ತರಾಕ ಎತ್ತಿನ ಬಂಡಿ ಕಳಸ್ತೇನಿ, ಬಿಡು."

೪. ಸಾಹುಕಾರರೇ ಕೂತದ್ದು

ಒಲೆ ಕಿತ್ತರು. ಮತ್ತೆ ಪೆಟ್ರೋಲು, ಮತ್ತೆ ಅದೇ ಒಂಬತ್ತು. ಒಂದು ದಿನ ನಾಲ್ಕು ಜನರ ಮುಂದೆ ಸಾಹುಕಾರರು ಅಂದೇಬಿಟ್ಟರು: "ಉಳದ ಎಣ್ಣಿ ನೀನ ಕದಿಯಾಕತ್ತಿ. ನಾಳೆ ಹುಕ್ಕೇರಿಯಿಂದ ಬರೂವಾಗ ನಾನ ಕೂಡ್ತೇನಿ. ನನ್ನೆದುರು ಗಾಡಿ ಹದಿನೆಂಟು ಕೊಡ್ತಂದ್ರ ನೀನ ಕಳ್ಳ, ಕೀಲಿ ಇಟ್ಟು ಮನಿಗೆ ನಡಿ."

ಎಣ್ಣೆ ಕಳ್ಳ ಎಂಬ ಹೆಸರು ಬಂದರೆ ಮೂಡಲಗಿಯಿಂದ ಸಂಕೇಶ್ವರದವರೆಗೆ ಯಾರೂ ಸ್ಟೇರಿಂಗ್ ಮುಟ್ಟಗೊಡುವುದಿಲ್ಲ. ಗಾಡಿ ಹೊಟ್ಟೆ ತುಂಬ ಕುಡಿಯಲಿ ಎಂದು ಜೀವಮಾನದಲ್ಲಿ ಮೊದಲ ಸಲ ದೇವರಿಗೆ ಕೈ ಮುಗಿದೆ.

ಹುಕ್ಕೇರಿಯಲ್ಲಿ ಸಾಹುಕಾರರೇ ನಿಂತು ಟಾಕಿ ಬರಿದು ಮಾಡಿಸಿದರು. ಎರಡು ಗ್ಯಾಲನ್ ಅಳೆದು ಹಾಕಿದರು. ಅನುಮಾನ ಬಂದು ತೆಗೆದು ಮತ್ತೊಮ್ಮೆ ಅಳೆದರು. ಅಷ್ಟರಲ್ಲಿ ಹೊತ್ತು ವಾಲಿತ್ತು. ಅವರ ಮನೆಯಲ್ಲಿ ಹೊತ್ತು ಮುಳುಗುವುದರೊಳಗೆ ಊಟ ಆಗಬೇಕು, ಆಮೇಲೆ ತುತ್ತು ಮುಟ್ಟುವಂತಿಲ್ಲ. ಮನೆ ಅಡಿಗೆ ಬಿಟ್ಟು ಬೇರೆಡೆ ಅವರು ಉಣ್ಣುವವರೂ ಅಲ್ಲ. ಅಳತೆಯ ಗಡಿಬಿಡಿಯಲ್ಲಿ ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ.

ಮೊದಲು "ಸಾವಕಾಶ ಹೋಗು, ಸಾವಕಾಶ" ಎನ್ನುತ್ತಿದ್ದವರು ಅರ್ಧ ದಾರಿಯಲ್ಲಿ ಹಿಂದೆ ತಿರುಗಿ ಸೂರ್ಯನನ್ನು ನೋಡಿ ಕೂಗಿದರು, "ಓಡಸೋ!"

"ಓಡಿಸಿದ್ರ ಎಣ್ಣಿ ಭಾಳ ಹೋಗ್ತೈತ್ರಿ."

"ಎಣ್ಣಿ ಹೋಗ್ಲಿ, ಹೊತ್ತು ಹೋಗಬಾರ್ದು! ಓಡಸು!"

ಘಟಪ್ರಭಾ ದಾಟಿದೆವು. ಗೋಕಾಕ ಇನ್ನೂ ಮೂರು ಮೈಲಿ ಇರುವಾಗ ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಟಾಕಿಗೆ ಕಡ್ಡಿ ಇಳಿಬಿಟ್ಟೆ, ಒಣಗಿದ್ದೇ ಮೇಲೆ ಬಂತು. ನನಗಾದ ಸಂತೋಷ ಅಷ್ಟಿಷ್ಟಲ್ಲ.

"ನಾ ಕದ್ದಿಲ್ಲಂತ ಈಗ ಖಾತ್ರಿ ಆತಲ್ರಿ ಸಾವ್ಕಾರ್ರ?"

ಸೂರ್ಯ ಇನ್ನೂ ಗೇಣು ಎತ್ತರದಲ್ಲಿದ್ದ. ಸಾಹುಕಾರರು ನನ್ನ ಎರಡೂ ಕೈ ಹಿಡಿದುಕೊಂಡು ದನಿ ಇಳಿಸಿದರು. "ನಾ ಏನೂ ಅನ್ನೂದಿಲ್ಲ, ಯಾರ ಮುಂದೂ ಹೇಳೂದಿಲ್ಲ. ಕದ್ದಿದ್ದರಾಗ ಒಂದೀಟು ಗಾಡ್ಯಾಗ ಎಲ್ಲೆರ ಮುಚ್ಚಿಟ್ಟಿದ್ರ ತಗಿಯೋ ಮಾರಾಯಾ."

"ದೇವರಾಣಿ ಇಲ್ರಿ."

"ಒಂದು ಬಾಟ್ಲಿನೂ ಇಲ್ಲಾ?"

"ಒಂದು ಹನಿನೂ ಇಲ್ರಿ."

ಅವರು ನೋಡನೋಡುತ್ತಿದ್ದಂತೆ ಹೊತ್ತು ಮುಳುಗಿತು. ಸಾಹುಕಾರರು ರಸ್ತೆ ಬದಿಯ ಮೈಲಿಗಲ್ಲಿನ ಮೇಲೆ ಕುಸಿದು ಕೂತು ಹಣೆ ಚಚ್ಚಿಕೊಂಡರು.

"ಇಂಥಾ ಪ್ರಾಮಾಣಿಕನ್ನ ಕೆಲಸಕ್ಕ ಇಟಗೊಂಡು ಇವತ್ತ ಉಪವಾಸ ಬಿದ್ನೆಲ್ಲೋ!"