ಚೀಟಿ, ಹೆಲ್ಮೆಟ್ಟು ಮತ್ತು ಒಂದು ಮೊಳ ಮಲ್ಲಿಗೆ

ಚೀಟಿಯ ಮಾತನ್ನು ನನಗೆ ಮೊದಲು ಹೇಳಿದವರು ಪುಟ್ಟ ವಿಮಾನ ಹಾರಿಸಲು ಕಲಿಸುವ ಒಬ್ಬ ಮೇಷ್ಟ್ರು. ನಲವತ್ತು ತುಂಬಿದ ವರ್ಷ, ಬಳೆ ಮಾಡಿಸಿಕೊಳ್ಳುವ ಬದಲು, ದೂರದ ಊರಿನ ಹಾರಾಟದ ಮೈದಾನಕ್ಕೆ ಹೋಗಿ ಅರ್ಧ ಗಂಟೆ ಅವರ ಪಕ್ಕ ಕೂತು ಬಂದಿದ್ದೆ. ಏರುವ ಮೊದಲು ಅವರು ಕೈಯಲ್ಲೊಂದು ಚೀಟಿ ಹಿಡಿದು ವಿಮಾನವನ್ನು ಸುತ್ತಿ, ರೆಕ್ಕೆ, ಚಕ್ರ, ಎಣ್ಣೆ ಎಲ್ಲ ಮುಟ್ಟಿ ನೋಡಿದರು.

"ಇಷ್ಟು ವರ್ಷ ಹಾರಿಸಿದವರಿಗೂ ಚೀಟಿ ಬೇಕಾ ಸರ್?" ಅಂದೆ.

"ನನಗೆ ಎಲ್ಲ ಗೊತ್ತಮ್ಮ, ಅದಕ್ಕೇ ಮರೀತೇನೆ. ಚೀಟಿಗೆ ಏನೂ ಗೊತ್ತಿಲ್ಲ, ಅದು ಮರೆಯೋದಿಲ್ಲ."

ಆ ಮಾತು ಹೊತ್ತುಕೊಂಡು ಹೊನ್ನಾವರಕ್ಕೆ ಬಂದು ನಾನೂ ಒಂದು ಚೀಟಿ ಬರೆದೆ. ನನ್ನದು ಹಾರುವ ವಾಹನವಲ್ಲ, ಸ್ಕೂಟರ್. ಹಿಂದಿನ ಸೀಟಿನಲ್ಲಿ ಅತ್ತೆ. ಅವರ ತಲೆಗೆ ಹೆಲ್ಮೆಟ್ ಇಲ್ಲ, ಭಟ್ಕಳ ಮಲ್ಲಿಗೆ. ಪ್ರತಿ ಸಂಕಷ್ಟಿಗೆ ಆ ತಲೆಯನ್ನು ಹೆದ್ದಾರಿಯ ಮೇಲೆ ಇಡಗುಂಜಿ ಗಣಪತಿಯ ಗುಡಿಗೆ ಮುಟ್ಟಿಸಿ, ಹಾಗೇ ವಾಪಸು ತರಬೇಕು. ಇಂಥ ಒಂದು ಚಿಂತೆ ಇಟ್ಟುಕೊಂಡವರ ಬಾಳಿನಲ್ಲಿ ಕೆಳಗಿನಂಥವು ಆಗುತ್ತಲೇ ಇರುತ್ತವೆ.

ಮೂರನೇ ಸುತ್ತು

ದಿನಾ ಬೆಳಿಗ್ಗೆ ಚೀಟಿ ಓದುತ್ತ ಸ್ಕೂಟರಿಗೆ ಒಂದು ಸುತ್ತು ಬರುತ್ತಿದ್ದೆ. ಟಯರ್ ಒತ್ತುವುದು, ಬ್ರೇಕ್ ಹಿಡಿಯುವುದು, ದೀಪ ನೋಡುವುದು. ನಾಲ್ಕನೇ ದಿನ ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಮೆಲ್ಲಗೆ ಕೇಳಿದಳು.

"ಅಕ್ಕಾ, ಎಂತ ವ್ರತ ಅದು? ಸುತ್ತು ಒಂದೇ ಸಾಕಾ?"

ವ್ರತವಲ್ಲ, ಗಾಡಿ ಸರಿ ಇದೆಯಾ ಅಂತ ನೋಡುವುದು ಅಂತ ಎಷ್ಟು ಹೇಳಿದರೂ ಗುಟ್ಟು ಬಿಟ್ಟುಕೊಡುತ್ತಿಲ್ಲ ಅನ್ನುವ ಮುಖ ಮಾಡಿದಳು. ಮಾರನೇ ದಿನದಿಂದ ಅವಳೂ ಗಂಡನ ರಿಕ್ಷಾಕ್ಕೆ ಸುತ್ತು ಬರತೊಡಗಿದಳು. ವಾರದೊಳಗೆ ಹಿಂದಿನ ಟಯರಿನಲ್ಲಿ ಬೆರಳುದ್ದದ ಮೊಳೆ ಸಿಕ್ಕಿತು. ಓಡಿಬಂದು ತೋರಿಸಿದಳು.

"ನೋಡಿದ್ರಾ? ಇದಕ್ಕೇ ನೋಡುವುದು ಅಂದದ್ದು," ಅಂದೆ.

"ನಿಮ್ಮ ಒಂದು ಸುತ್ತಿನ ಲೆಕ್ಕದಲ್ಲಿ ಹೋಗಿದ್ದರೆ ಸಿಗ್ತಿರಲಿಲ್ಲ ಅಕ್ಕಾ. ಸಿಕ್ಕಿದ್ದು ಮೂರನೇ ಸುತ್ತಿಗೆ!"

ಹಪ್ಪಳ

ನಿಜವಾದ ವಿಮಾನದ ಹತ್ತಿರ ಮತ್ತೆ ಹೋಗಲಾಗಲಿಲ್ಲ. ಕುಮಟೆಯ ಕಾಲೇಜಿನ ಗ್ರಂಥಾಲಯದ ಕೆಲಸ ಮುಗಿಸಿ ಬಂದು, ಸಂಜೆ ಕಂಪ್ಯೂಟರಿನ ಆಟದಲ್ಲಿ ವಿಮಾನ ಹಾರಿಸುತ್ತೇನೆ. ಭಟ್ಕಳದ ಮೇಲಿಂದ ಕಡಲನ್ನು ಎಡಗೈಗೆ ಇಟ್ಟುಕೊಂಡು ಉತ್ತರಕ್ಕೆ ಬಂದರೆ ಮೋಡವೆಲ್ಲ ಹಿಂಜಿದ ಹತ್ತಿ. ಶರಾವತಿ ಕಡಲು ಸೇರುವಲ್ಲಿ ಮಾವಿನಕುರ್ವೆಯ ನಡುಗಡ್ಡೆ ಯಾರೋ ನೀರಿಗೆ ಬಿಟ್ಟ ಎಲೆಯ ಹಾಗೆ ತೇಲುತ್ತಿರುತ್ತದೆ. ಅಲ್ಲಿಗೆ ಬಂದಾಗ ನನಗೆ ಕುಕ್ಕರಿನ ಸೀಟಿ ಕೇಳುವುದಿಲ್ಲ.

ಒಂದು ಸಂಜೆ ಅತ್ತೆ ಚಾ ಹಿಡಿದು ಪಕ್ಕ ಕೂತರು. ಪರದೆಯತ್ತ ಬಾಗಿ ನೋಡಿದರು. ಆಮೇಲೆ, "ನಮ್ಮ ಮನೆ ಮೇಲೆ ಹೋಗೇ. ಹಪ್ಪಳ ಒಣಗಲಿಕ್ಕೆ ಹಾಕಿ ಮರೆತಿದ್ದೆ. ಅಲ್ಲೇ ಉಂಟಾ ನೋಡು" ಅಂದರು.

ಚೆಂದ ಕಾಣಲಿ ಅಂತ ತೀರಾ ಕೆಳಗಿಳಿಸಿದೆ. ವಿಮಾನ ಸೀದಾ ಶರಾವತಿಗೆ ಬಿತ್ತು. ಪರದೆ ಕಪ್ಪಾಯಿತು. ಅತ್ತೆ ಲೋಟ ಎತ್ತಿಕೊಂಡು ಎದ್ದರು.

"ಆತು ಬಿಡು. ಹಪ್ಪಳ ನಾನೇ ಹೋಗಿ ತರ್ತೆ."

ತೂಕ

ಪುಟ್ಟ ವಿಮಾನ ಏರುವ ಮೊದಲು ಎಲ್ಲರ ತೂಕ ಕೇಳುತ್ತಾರೆ. ಅದೂ ನನ್ನ ಚೀಟಿಗೆ ಸೇರಿತು. ಅತ್ತೆ ಎರಡೂ ಕಾಲು ಎಡಕ್ಕೆ ಇಳಿಬಿಟ್ಟು ಕೂರುವವರು. ಸರಿದೂಗಿಸಲು ತೆಂಗಿನಕಾಯಿ ಚೀಲ ಬಲಕ್ಕೆ ಕಟ್ಟೋಣ ಅಂತ ಕೇಳಿದೆ, "ಅತ್ತೆ, ನಿಮ್ಮ ತೂಕ ಎಷ್ಟು?"

"ನಾನೆಂತ ಕೊಬ್ಬರಿಯೇನೇ, ತೂಗಿ ಇಡಲಿಕ್ಕೆ?"

ಮುನಿಸಿಕೊಂಡೇ ಹತ್ತಿದರು. ಶರಾವತಿ ಸೇತುವೆಯ ಮೇಲೆ ಕಡಲ ಗಾಳಿ ಅಡ್ಡ ಬೀಸಿತು. ಅವರ ಸೆರಗು ಪಟಪಟ ಹಾರಿತು. ಕೆಳಗೆ ನೀರು ಆಕಾಶವೇ ಮಲಗಿದ ಹಾಗಿತ್ತು. ಮುನಿಸೂ ಹಾರಿಹೋಯಿತೋ ಏನೋ, ಕಿವಿಯ ಹತ್ತಿರ ಬಾಗಿ ಕೇಳಿದರು.

"ವಿಮಾನದಲ್ಲೂ ಹೀಗೇ ಗಾಳಿ ಬರ್ತದಾ?"

"ಇಲ್ಲ ಅತ್ತೆ. ಕಿಟಕಿ ಹಾಕಿರ್ತಾರೆ."

"ಹಾಗಾದ್ರೆ ಅಷ್ಟು ಮೇಲೆ ಹೋಗಿ ಎಂತ ಸುಖ ಮಾರಾಯ್ತಿ?"

ತಲೆ

ಇನ್ನು ಹೆಲ್ಮೆಟ್ಟು. ಚೀಟಿಯಲ್ಲಿ "ಅತ್ತೆಯ ತಲೆ" ಎಂಬ ಸಾಲಿನ ಮುಂದೆ ತಿಂಗಳುಗಟ್ಟಲೆ ಗೀಟು ಬೀಳಲೇ ಇಲ್ಲ. ಹೊಸ ಹೆಲ್ಮೆಟ್ ತಂದು ಅವರ ಎದುರಿಗೇ ಇಟ್ಟೆ.

"ಜಜ್ಜಿಹೋದ ಹೂ ಮುಡಿದು ಗಣಪತಿ ಎದುರು ನಿಲ್ಲೂದಾ? ಬೇಡ," ಅಂದರು. ಆತು, ಹೆಲ್ಮೆಟ್ಟಿನೊಳಗೆ ಈರುಳ್ಳಿ ಸೇರಿತು.

ಒಂದು ಸಂಕಷ್ಟಿಗೆ ದಾರಿಯಲ್ಲಿ ನಾಯಿ ಅಡ್ಡ ಬಂತು. ಬ್ರೇಕ್ ಹಾಕಿದೆ. ಸ್ಕೂಟರ್ ನಿಂತಿತು, ಅತ್ತೆ ನಿಲ್ಲಲಿಲ್ಲ. ಅವರ ಹಣೆ ನನ್ನ ಹೆಲ್ಮೆಟ್ಟಿಗೆ ಟಕ್ ಎಂದು ಬಡಿಯಿತು. ತಿರುಗಿ ನೋಡಿದೆ. ಹಣೆಯ ಮೇಲೆ ಅಡಿಕೆಯಷ್ಟು ಬುಗುಟು. ಇವತ್ತು ಒಪ್ಪಿಯೇ ಒಪ್ಪುತ್ತಾರೆ ಅಂದುಕೊಂಡೆ.

"ಈಗಲಾದರೂ ಗೊತ್ತಾಯ್ತಾ ಅತ್ತೆ, ಹೆಲ್ಮೆಟ್ ಎಂತಕ್ಕೆ ಅಂತ?"

"ಗೊತ್ತಾತು. ನೀ ಅದನ್ನ ಹಾಕದೇ ಇದ್ದಿದ್ರೆ ನನಗೆ ಪೆಟ್ಟೇ ಆಗ್ತಿರಲಿಲ್ಲ."

ನಾನು ಸೋತೆ. ಆದರೆ ಮುಂದಿನ ಸಂಕಷ್ಟಿಗೆ ಬಾಗಿಲಿಗೆ ಬಂದು ನೋಡುತ್ತೇನೆ, ಈರುಳ್ಳಿ ಬುಟ್ಟಿಯಲ್ಲಿದೆ, ಹೆಲ್ಮೆಟ್ ಅತ್ತೆಯ ತಲೆಯಲ್ಲಿದೆ! ಹೆಲ್ಮೆಟ್ಟಿನ ಸುತ್ತ, ಹೊರಗಿನಿಂದ, ಒಂದು ಮೊಳ ಮಲ್ಲಿಗೆ.

"ಹೂ ಜಜ್ಜೂದಿಲ್ಲ, ತಲೆ ಒಡೆಯೂದಿಲ್ಲ. ನಡಿ," ಅಂದರು.

ನನಗೆ ಸಂಭ್ರಮವೋ ಸಂಭ್ರಮ. ಗಟ್ಟಿಯಾಗಿ ಚೀಟಿ ಓದಿದೆ. ಟಯರ್, ಆಯಿತು. ಬ್ರೇಕ್, ಆಯಿತು. ದೀಪ, ಆಯಿತು. ಅತ್ತೆಯ ತಲೆ, ಆಯಿತು! ದಪ್ಪ ಗೀಟು ಎಳೆದು ಹತ್ತಿ ಕೂತು ಗಾಡಿ ಶುರು ಮಾಡಿದೆ. ಅತ್ತೆ ಹತ್ತಲಿಲ್ಲ.

"ಚೀಟಿ ಇನ್ನೊಂದು ಸಲ ಓದು."

"ಓದಿಯಾಯ್ತಲ್ಲ ಅತ್ತೆ. ಎಲ್ಲಾ ಸರಿ ಉಂಟು."

"ಸರಿ ಉಂಟು. ನಿನ್ನ ತಲೆ ಎಲ್ಲುಂಟು?"

ನನ್ನ ಹೆಲ್ಮೆಟ್ಟು ಒಳಗೆ ಕಂಪ್ಯೂಟರಿನ ಪಕ್ಕ ಆರಾಮಾಗಿ ಕೂತಿತ್ತು. ನನ್ನದು ನನಗೆ ಗೊತ್ತೇ ಇದೆಯಲ್ಲ ಅಂತ ಅದನ್ನು ಚೀಟಿಯಲ್ಲಿ ಬರೆದೇ ಇರಲಿಲ್ಲ.

ಈಗ ಚೀಟಿಯ ಕೊನೆಗೆ ಅತ್ತೆಯ ಕೈಬರಹದ ಒಂದು ಸಾಲಿದೆ: "ಸೊಸೆಯ ತಲೆ." ಅದಕ್ಕೆ ಗೀಟು ಹಾಕುವವರು ಅವರೇ. ಸೇತುವೆಯ ಮೇಲೆ ಮಲ್ಲಿಗೆಯ ವಾಸನೆ ನಮಗಿಂತ ಒಂದು ಮಾರು ಮುಂದೆ ಹಾರುತ್ತದೆ.

ನಿಮ್ಮ ಮನೆಯಲ್ಲೂ ಎಲ್ಲ ಗೊತ್ತಿರುವವರು ಒಬ್ಬರಾದರೂ ಇರುತ್ತಾರೆ. ಅವರಿಗೆ ಮೇಷ್ಟ್ರ ಮಾತನ್ನು ಮುಟ್ಟಿಸಿಬಿಡಿ. ಹೇಳಲು ಹೊರಡುವಾಗ ಒಮ್ಮೆ ನಿಮ್ಮ ತಲೆ ಮುಟ್ಟಿ ನೋಡಿಕೊಳ್ಳಿ.